ಅರವತ್ತಕ್ಕೆ ಅಶ್ವಾರೋಹಣ

ಅರವತ್ತಕ್ಕೆ ಅರಳುಮರಳೆಂಬ ಗಾದೆಯನ್ನು ಮೂವತ್ತು ವರ್ಷ ತರಗತಿಯಲ್ಲಿ ಬಿಡಿಸಿ ಹೇಳಿದ ನಾನು, ನಿವೃತ್ತನಾದ ಮರುವರ್ಷವೇ ಹಳೆಯದೊಂದು ಯೆಜ್ಡಿ ಬೈಕನ್ನು ಕೊಂಡು, ಅದೇ ಗಾದೆಗೆ ಪ್ರತ್ಯಕ್ಷ ನಿದರ್ಶನವಾಗಿ ಮನೆಯ ಮುಂದೆ ನಿಂತಾಗ, ನನ್ನ ಸಹಧರ್ಮಿಣಿ ಆಡಿದ್ದು ಒಂದೇ ಮಾತು: “ವಿಮೆ ಯಾರದ್ದು ಮಾಡಿಸಿದಿರಿ, ಅದರದ್ದೋ ನಿಮ್ಮದೋ?”

ಯಾದವಗಿರಿಯ ಕಾರ್ಖಾನೆಯಿಂದ ಹೊರಬೀಳುತ್ತಿದ್ದ ಹೊಸ ಬೈಕುಗಳನ್ನು ಸೈಕಲ್ಲಿನ ಮೇಲಿಂದಲೇ ಕಣ್ಣರಳಿಸಿ ನೋಡಿದ ಮೈಸೂರಿನವನ ಆಸೆಯು, 1996ರಲ್ಲಿ ಆ ಕಾರ್ಖಾನೆ ಬಾಗಿಲು ಹಾಕಿದ ಮೇಲೂ ಬಾಗಿಲು ಹಾಕಿರಲಿಲ್ಲ. ಗುರುವಾಗಿ ದೊರೆತವನು ಗ್ಯಾರೇಜಿನ ಹುಡುಗ. ಹಿಂದೆ ಲೋಪಸಂಧಿಗೂ ಆಗಮಸಂಧಿಗೂ ಭೇದವರಿಯದೆ ನನ್ನಿಂದ ಬೆಂಚು ಹತ್ತಿಸಿಕೊಂಡವನು. “ಕಿಕ್ಕೂ ಇದೇ, ಗೇರೂ ಇದೇ ಸಾರ್; ಸ್ಟಾರ್ಟ್ ಆದ್ಮೇಲೆ ಮುಂದಕ್ಕೆ ತಿರುಗಿಸ್ಕೊಳ್ಳಿ” ಎಂದು ಅವನು ತೋರಿಸಿದ ಆ ಒಂದೇ ದಂಡವು, ಶಾಲೆಯ ಮೇಷ್ಟ್ರೇ ಪೋಸ್ಟ್‌ಮಾಸ್ತರರೂ ಆಗಿರುತ್ತಿದ್ದ ನಮ್ಮ ಹಳ್ಳಿಯ ಕಾಲವನ್ನು ನೆನಪಿಗೆ ತಂದಿತು.

ಎಂಟು ಹಾಕಿ ಲೈಸೆನ್ಸನ್ನೇನೋ ಪಡೆದೆ. ಆದರೆ ನಲವತ್ತು ವರ್ಷ ಸೈಕಲ್ಲು ತುಳಿದ ಅನುಭವವೇ ನನ್ನ ಪರಮಶತ್ರುವೆಂದು ತಿಳಿಯುವುದು ತಡವಾಯಿತು. ಮುಂದಿನ ಬ್ರೇಕು ಹಿಡಿದರೆ ಮುಗ್ಗರಿಸಿಬಿಡುವೆನೆಂಬ ಬಾಲ್ಯದ ಭಯದಿಂದ ಹಿಂದಿನದನ್ನೇ ತುಳಿಯುತ್ತಿದ್ದೆ. ವೇಗ ತಗ್ಗುವಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುವುದರಿಂದ ಬೈಕನ್ನು ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಬ್ರೇಕಿನದೇ ಎಂದೂ, ಅದನ್ನು ಹಣ್ಣು ಹಿಂಡಿದಂತೆ ಮೆಲ್ಲಗೆ ಹಿಂಡಬೇಕೆಂದೂ, ಮರಳಿನ ಮೇಲೆ ಹ್ಯಾಂಡಲ್ ತಿರುಗಿದ್ದಾಗ ಮಾತ್ರ ಗಬಕ್ಕನೆ ಹಿಡಿಯಕೂಡದೆಂದೂ ಹುಡುಗ ಬೋಧಿಸಿದನು. ಕಿವಿ ಒಪ್ಪಿತು, ಕೈ ಒಪ್ಪಲಿಲ್ಲ. ಹೆಲ್ಮೆಟ್ಟಿನ ಪಟ್ಟಿಯನ್ನಂತೂ ಪ್ರತಿದಿನ ಮನೆಯಾಕೆಯೇ ಗದ್ದದಡಿ ಬಿಗಿಯುತ್ತಿದ್ದಳು. ಮದುವೆಯ ದಿನ ಬಾಸಿಂಗವನ್ನೂ ಯಾರೂ ಅಷ್ಟು ಬಿಗಿಯಾಗಿ ಕಟ್ಟಿರಲಿಲ್ಲ.

ಒಂದು ಬೆಳಗ್ಗೆ ಹುಡುಗನನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿರಲು, ಚಾಮುಂಡಿಬೆಟ್ಟದ ತಪ್ಪಲಿನ ರಸ್ತೆಯ ನಡುವೆ ಎಮ್ಮೆಯೊಂದು ನಿಂತಿತ್ತು. ಎರಡು ಪಕ್ಕಗಳಲ್ಲೂ ಧಾರಾಳವಾಗಿ ದಾರಿಯಿತ್ತು. ಆದರೆ ಕಣ್ಣು ನೆಟ್ಟತ್ತಲೇ ಬೈಕೂ ಹೋಗುವುದೆಂದು ಆಗ ನನಗೇನು ಗೊತ್ತು? ಎಮ್ಮೆಯನ್ನಲ್ಲದೆ ಮತ್ತೇನನ್ನೂ ಕಾಣದೆ, ವರನು ವಧುವಿನತ್ತ ಸಾಗುವಂತೆ ನೇರವಾಗಿ ಸಾಗಿ, ಎರಡು ಮಾರು ದೂರದಲ್ಲಿ ದೈವಕೃಪೆಯಿಂದ ನಿಂತೆ. ಎಮ್ಮೆ ನನ್ನನ್ನು ಆಪಾದಮಸ್ತಕ ಅವಲೋಕಿಸಿ ಹೊರಟುಹೋಯಿತು.

ಬಿದ್ದದ್ದು ಆಮೇಲೆ. ಊರಿದ ಕಾಲು ಜಲ್ಲಿಯ ಮೇಲೆ ಜಾರಿತು. ಇಪ್ಪತ್ತರ ಮೊಣಕಾಲು ತಡೆದುಬಿಡಬಹುದಾಗಿದ್ದ ಭಾರವನ್ನು ಅರವತ್ತರ ಮೊಣಕಾಲು ಕ್ಷಣಕಾಲ ಪರ್ಯಾಲೋಚಿಸಿ ನಿರಾಕರಿಸಿತು. ಬೈಕು, ಸಭೆಯಲ್ಲಿ ತೂಕಡಿಸುವ ಅಧ್ಯಕ್ಷರಂತೆ, ಸಾವಕಾಶವಾಗಿ ಎಡಕ್ಕೆ ವಾಲಿ ಮಲಗಿತು, ನಾನೂ.

ಮೊದಲೇ ಕೆಳಗಿಳಿದಿದ್ದ ಶಿಷ್ಯನು ಪೆಟ್ರೋಲು ಬಂದ್ ಮಾಡಿ, ಬೈಕನ್ನೂ ಅನಂತರ ನನ್ನನ್ನೂ ಎತ್ತಿ ನಿಲ್ಲಿಸಿ, ನನ್ನ ಬೆನ್ನಿನ ಧೂಳು ಕೊಡವುತ್ತ ಪರಮ ವಿನಯದಿಂದ ಕೇಳಿದನು: “ಸಾರ್, ಇದು ಲೋಪವೋ, ಆಗಮವೋ?”