ಎಂಜಿನ್ ಎಲ್ರೀ?

ನೀಲಗಿರಿಯ ಉಗಿಬಂಡಿಯ ಫೋಟೊ ಹಿಡಿಯಹೊರಟ ಹೊಸಬರ ಪಾಡು ನೋಡಬೇಕು. ತಿರುಚ್ಚಿಯ ಗೋಲ್ಡನ್ ರಾಕ್ ಕಾರ್ಖಾನೆಯಲ್ಲಿ ರಿಪೇರಿಯಾಗಿ, ನೀಲಿ ಬಣ್ಣ ಬಳಿದುಕೊಂಡ ಎಂಜಿನ್ನಿನ ಮುಖಕ್ಕೆಂದು ತಿರುವಿನಲ್ಲಿ ಕ್ಯಾಮೆರಾ ಹೂಡಿ ಉಸಿರು ಬಿಗಿಹಿಡಿದು ಕಾಯುತ್ತಾರೆ. ಮೊದಲು ಬರುವುದು ಬೋಗಿ, ಅದರ ಮೂತಿಯಲ್ಲಿ ಬಾವುಟ ಹಿಡಿದ ಬ್ರೇಕ್‌ಮನ್. "ಎಂಜಿನ್ ಎಲ್ರೀ?" ಎನ್ನುವಷ್ಟರಲ್ಲಿ ಅದು ದಿಬ್ಬಣದ ಕೊನೆಯಲ್ಲಿ ಟ್ರಂಕು ಹೊತ್ತು ಬರುವ ಸೋದರಮಾವನಂತೆ ಏದುಸಿರು ಬಿಡುತ್ತ ಬಂದು, ಲೆನ್ಸಿಗೆಲ್ಲ ಆವಿ ಊದಿ ಹೋಗಿರುತ್ತದೆ.

ದೂರುವಂತಿಲ್ಲ. ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹತ್ತುವಾಗ ಎಂಜಿನ್ ಹಿಂದಿನಿಂದಲೇ ನೂಕಬೇಕು. ಸುಮಾರು 12 ಅಡಿಗೆ 1 ಅಡಿ ಏರು! ಹಳಿಗಳ ನಡುವಿನ ಹಲ್ಲುಪಟ್ಟಿಯನ್ನು ಅದರ ಹಲ್ಲುಚಕ್ರ ಕಚ್ಚಿಕೊಂಡು ಮೇಲೇರುತ್ತದೆ. ಬೋಗಿ ಹಿಂದಕ್ಕೆ ಜಾರಿದರೆ ಆತುಕೊಳ್ಳಲು ಕೆಳಗೆ ಒಬ್ಬ ಗಟ್ಟಿಗ ಇರಬೇಡವೇ?

ಬಲ್ಲವರು ಹಿಲ್‌ಗ್ರೋವ್ ನಿಲ್ದಾಣಕ್ಕೆ ಕಾಯುತ್ತಾರೆ. ಅಲ್ಲಿ ಎಂಜಿನ್ ನೀರು ಕುಡಿಯಲು ನಿಲ್ಲುತ್ತದೆ. ಬೇಕಾದ ಭಂಗಿಯಲ್ಲಿ ಹಿಡಿಯಬಹುದು. ಆದರೆ ಅಲ್ಲಿ ಕೋತಿಗಳೂ ಇವೆ. ಅವಕ್ಕೆ 1899ರಲ್ಲಿ ಶುರುವಾದ ಮಾರ್ಗವೂ ಬೇಡ, 2005ರಲ್ಲಿ ಯುನೆಸ್ಕೊ ಕೊಟ್ಟ ಪಟ್ಟವೂ ಬೇಡ. ಬೇಕಾದ್ದು ನಿಮ್ಮ ಬಾಳೆಕಾಯಿ ಚಿಪ್ಸು. ಎರಡೂ ಕೈ ಕ್ಯಾಮೆರಾ ಮೇಲಿರುವಾಗ ಪೊಟ್ಟಣ ಕಾಯುವವರು ಯಾರು?