ದೇವನಹಳ್ಳಿ–ಸಿಂಗಪುರ ವ್ಯೋಮಾಂತರ ಮೀಮಾಂಸೆ

ಎರಡು ನಗರಗಳ ನಡುವೆ ಎಷ್ಟು ದೂರವೆಂಬ ಪ್ರಶ್ನೆಯನ್ನು ಅಳೆದು ಬಗೆಹರಿಸಬಹುದೆಂದು ನಂಬಿರುವ ಪಾಮರರು ವಿಚಾರಸಂಕಿರಣಗಳಲ್ಲಿ ಕುಳಿತವರಲ್ಲ. ಕುಳಿತಿದ್ದರೆ, ದೂರವೆಂಬುದು ಬೆಳಿಗ್ಗೆ ನಿರ್ವಚನಕ್ಕೂ, ಚಹಾದ ಬಳಿಕ ಲಕ್ಷಣಪರಿಷ್ಕಾರಕ್ಕೂ, ಊಟದ ಹೊತ್ತಿಗೆ ಸೈದ್ಧಾಂತಿಕ ಚೌಕಟ್ಟಿಗೂ ಒಳಪಟ್ಟು, ಸಮಾರೋಪಭಾಷಣದಲ್ಲಿ ಇದ್ದಲ್ಲಿಯೇ ಉಳಿಯತಕ್ಕ ಪದಾರ್ಥವೆಂದು ಅವರೂ ಅರಿಯುತ್ತಿದ್ದರು. ಅದೇ ಶಾಸ್ತ್ರಮಾರ್ಗವನ್ನು ಹಿಡಿದು, ದೇವನಹಳ್ಳಿಯ ಕೆಂಪೇಗೌಡ ವಿಮಾನನಿಲ್ದಾಣಕ್ಕೂ ಸಿಂಗಪುರದ ಚಾಂಗಿಗೂ ಇರುವ ಅಂತರವನ್ನು ಇಲ್ಲಿ ವಿಮರ್ಶಿಸಲಾಗುವುದು.

ಭೂಗೋಲದ ಮೈಮೇಲೆ ಎಳೆಯಬಹುದಾದ ಅತಿಹ್ರಸ್ವ ರೇಖೆಯು ಮಹಾವೃತ್ತದ ಕಂಸ. ಆ ಪ್ರಕಾರ ಅಂತರವು 3,200 ಕಿಲೋಮೀಟರಿಗೆ ತುಸು ಕಡಿಮೆ; ನೇರ ವಿಮಾನಕ್ಕೆ ಹೆಚ್ಚುಕಡಿಮೆ ನಾಲ್ಕೂವರೆ ಗಂಟೆ. ಇಷ್ಟಕ್ಕೇ ನಿಲ್ಲಿಸಿದರೆ ಪ್ರಬಂಧವೆಲ್ಲಿ, ಪ್ರಶಸ್ತಿಪತ್ರವೆಲ್ಲಿ? ಸಿಂಗಪುರದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದಿರುವುದರಿಂದ, ರಾತ್ರಿ 11ಕ್ಕೆ ಇಲ್ಲಿ ಮೇಲೆದ್ದವನು ಅಲ್ಲಿ ಇಳಿಯುವಾಗ ಬೆಳಗಿನ 6. ಮರಳುವವನಾದರೋ ಎರಡೇ ಗಂಟೆಯಲ್ಲಿ ಬಂದವನಂತೆ ಕಾಣುವನು. ಆದಕಾರಣ ಕಾಲವನ್ನು ಏಳು ವಿಧವಾಗಿ ವಿಭಾಗಿಸತಕ್ಕದ್ದು. ಪ್ರಥಮವು ಟಿಕೆಟ್ಟಿನಲ್ಲಿ ಮುದ್ರಿತವಾದ ಘೋಷಿತಕಾಲ, ದ್ವಿತೀಯವು ಚಕ್ರಗಳು ನೆಲ ಬಿಟ್ಟು ಮತ್ತೆ ನೆಲ ಮುಟ್ಟುವವರೆಗಿನ ವ್ಯೋಮಕಾಲ, ತೃತೀಯವು ಮೂರು ಗಂಟೆ ಮುಂಚೆ ಬಂದು, ಬೆಲ್ಟು ಬಿಚ್ಚಿ, ಬಾಟಲಿಯ ನೀರು ಚೆಲ್ಲಿ ಸಾಲಿನಲ್ಲಿ ನಿಲ್ಲುವ ತಪಃಕಾಲ, ಚತುರ್ಥವು ಹೆಬ್ಬಾಳದ ಮೇಲುಸೇತುವೆಯ ಸ್ತಂಭನಕಾಲ, ಪಂಚಮವು ಫಲಕಕಾಲ. ಉಳಿದೆರಡನ್ನು ವಾಚಕರು ತಾವೇ ಊಹಿಸಿಕೊಳ್ಳಬೇಕು, ಏಕೆಂದರೆ ಈ ಐದನೆಯದನ್ನು ದಾಟಿ ಮುಂದೆ ಹೋಗಲು ನನಗೆ ಮನಸ್ಸಿಲ್ಲ.

ಫಲಕಕಾಲವೆಂದರೆ ಬಡಾವಣೆಯ ಬೋರ್ಡಿನಲ್ಲಿ ಬರೆದ ಕಾಲ. ನೆಲಮಂಗಲದ ಕಡೆಯಲ್ಲಾಗಲಿ, ಹೊಸಕೋಟೆಯ ಕಡೆಯಲ್ಲಾಗಲಿ, ದೊಡ್ಡಬಳ್ಳಾಪುರದ ಆಚೆಯಲ್ಲಾಗಲಿ, ವಿಮಾನನಿಲ್ದಾಣವು 'ಕೇವಲ ಕೆಲವೇ ನಿಮಿಷ'. ಈ ಜಾಣ ಗಣಿತದಲ್ಲಿ ಹೊಲವೊಂದು ಬೆಳೆಯುವುದು ರಾಗಿಯನ್ನಲ್ಲ, ನಿಮಿಷಗಳನ್ನು. ನಿಮಿಷ ಕಡಿಮೆಯಾದಷ್ಟೂ ಚದರಡಿಯ ಬೆಲೆ ಏರುವುದು. ಬೋರ್ಡಿನ ಕಂಬದ ಬುಡದಲ್ಲಿ ಹಿಂದಿನ ಸುಗ್ಗಿಯ ರಾಗಿಕೂಳೆ ಇನ್ನೂ ನಿಂತಿರುತ್ತದೆ. ಅದರ ನಡುವೆ ಹಳದಿ ಬಣ್ಣ ಬಳಿದ ಸೈಟಿನ ಕಲ್ಲುಗಳು.

ಇಲ್ಲಿಗೆ ಪರಿಭಾಷೆ ಸಾಕು. ರನ್‌ವೇಯಿಂದ ರನ್‌ವೇಗೆ ಅಳೆಯುವ ಪಂಡಿತರಿಗೆ ರನ್‌ವೇಯ ಅಡಿಯಲ್ಲಿ ಊರುಗಳಿದ್ದುದು ಲೆಕ್ಕಕ್ಕಿಲ್ಲ. 2008ರ ಮೇ ತಿಂಗಳಲ್ಲಿ ತೆರೆದ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. ಅದು ಸಾಲದೆ, ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಯೂ ವಿಮಾನೋದ್ಯಮದ ಪಾರ್ಕಿಗೆ ಬೇಕೆಂದಾಯಿತು. ದ್ರಾಕ್ಷಿಯ ಚಪ್ಪರ, ಹಿಪ್ಪುನೇರಳೆ, ಹಾಲು ಕೊಡುವ ಹಸು ಇವನ್ನೆಲ್ಲ ಬಿಟ್ಟು ಆ ಜನ ಎಲ್ಲಿಗೆ ಹೋಗಬೇಕೆಂದು ಯಾವ ಮಹಾವೃತ್ತದ ಕಂಸ ಹೇಳೀತು? ಸಿಂಗಪುರ ಹತ್ತಿರವಾಯಿತೆಂದು ಹಿಗ್ಗುವವರಿಗೆ ನಿಲ್ದಾಣದ ಗೋಡೆಯಾಚೆಯ ಹಳ್ಳಿ ಇಷ್ಟು ದೂರವಾದುದು ನಾಚಿಕೆಗೇಡು.

ಚನ್ನರಾಯಪಟ್ಟಣದಿಂದ ವಿಧಾನಸೌಧಕ್ಕೆ ಬಸ್ಸಿನಲ್ಲಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಆ ರೈತರು ಧರಣಿ ಕುಳಿತದ್ದು 2022ರ ಏಪ್ರಿಲಿನಲ್ಲಿ. ಭೂಸ್ವಾಧೀನವನ್ನು ಕೈಬಿಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದ್ದು 2025ರ ಜುಲೈ 15ರಂದು.