ಕಂಪ್ಯೂಟರಿಗೆ ಬೆಳಗಾಗುವುದೇ ತಡ

ಮನೆಯ ಹಳೇ ಕಂಪ್ಯೂಟರ್ ಒಂದೇ ಸಲಕ್ಕೆ ಎದ್ದ ಉದಾಹರಣೆ ಉಂಟೇ? ಗುಂಡಿ ಒತ್ತಿದರೆ ಫ್ಯಾನು ಗುರ್ರೆನ್ನುತ್ತದೆ, ಪರದೆ ಮಾತ್ರ ಕಪ್ಪು. ಆಗ ಮನೆಮಂದಿಯೆಲ್ಲ ಎಂಜಿನಿಯರುಗಳೇ. "ವೈರಸ್ ಅಪ್ಪಾ" ಅಂತ ಮಗ, "ಮೊದಲು ಪ್ಲಗ್ ನೋಡ್ರೀ" ಅಂತ ಹೆಂಡತಿ. ಎಷ್ಟೋ ಸಲ ಹೆಂಡತಿಯ ಮಾತೇ ನಿಜವಾಗುತ್ತದೆ.

ಬೀಪ್ ಬೀಪ್ ಎಂದು ಕೂಗಿಕೊಂಡರೆ ಖುಷಿಪಡಿ, ಅದಕ್ಕಿನ್ನೂ ಮಾತು ನಿಂತಿಲ್ಲ. ಅನೇಕ ವೇಳೆ ಅದು ರ‍್ಯಾಮ್‌ನ ತಕರಾರು. ಕರೆಂಟ್ ತೆಗೆದು, ಪಟ್ಟಿಯನ್ನು ಹೊರಗೆಳೆದು, ಅದರ ಹಳದಿ ಅಂಚನ್ನು ಮಕ್ಕಳ ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಒರೆಸಿ, ಟಕ್ ಎನ್ನುವವರೆಗೂ ಒತ್ತಿ ಕೂರಿಸಿ. ಇಷ್ಟಕ್ಕೇ ರಿಪೇರಿಯವನು ಐನೂರು ಕೇಳುತ್ತಾನೆ!

ದಿನಾ ಬೆಳಿಗ್ಗೆ 2002ರ ಜನವರಿ 1 ಎಂದು ತೋರಿಸಿ, ಎಫ್ 1 ಒತ್ತು ಎಂದು ಹಟ ಹಿಡಿದರೆ? ಅದು ಹರೆಯಕ್ಕೆ ಮರಳುವ ಆಸೆಯಲ್ಲ. ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದಿದೆ. 3 ವೋಲ್ಟಿನ ಆ ಬಿಲ್ಲೆ ಬದಲಿಸಿ, ತಾರೀಖು ತಿದ್ದಿದರೆ ಯಂತ್ರ ವರ್ತಮಾನಕ್ಕೆ ಬರುತ್ತದೆ.

ಹಾರ್ಡ್ ಡಿಸ್ಕ್ ಕಟಕಟ ಅಂದರೆ ಮಾತ್ರ ನಗಬೇಡಿ. ಮೊದಲು ಮದುವೆ ಫೋಟೋಗಳನ್ನು ಬೇರೆಡೆಗೆ ಸಾಗಿಸಿ. ರಿಪೇರಿ, ಜಗಳ ಎಲ್ಲ ಆಮೇಲೆ.